ಏನೂ ನಡೆಯದ ದಿನವನ್ನು ಬರೆಯುವುದು

ಪ್ರಿಯ ಮಿತ್ರರೇ,

ನಿಮ್ಮ ಕರಡು ಓದಿದೆ. ವಸಂತದ ಒಂದು ಹಗಲು, ಮನೆಯೊಳಗೆ ಪುಸ್ತಕ, ಹಿತ್ತಲಲ್ಲಿ ಹಕ್ಕಿಗಳು. ವಸ್ತು ಚೆನ್ನಾಗಿದೆ. ಆದರೆ ಮೊದಲ ಪುಟದಲ್ಲೇ ‘ಹಕ್ಕಿಗಳ ಇಂಚರ’ ಮತ್ತೆ ಮತ್ತೆ ಬಂದಿದೆ, ಯಾವ ಹಕ್ಕಿ ಎನ್ನುವುದು ಒಮ್ಮೆಯೂ ಬಂದಿಲ್ಲ. ‘ಪುಸ್ತಕದಲ್ಲಿ ಮುಳುಗಿಹೋದೆ’ ಎಂದಿದ್ದೀರಿ, ಯಾವ ಪುಟದಲ್ಲಿ ಎಂದು ಹೇಳಿಲ್ಲ. ಇಂಥ ಬರಹಕ್ಕೆ ಕಥೆಯ ಆಸರೆ ಇಲ್ಲ. ಜಗಳವಿಲ್ಲ, ಪ್ರಯಾಣವಿಲ್ಲ, ಮುಂದೇನಾಯಿತು ಎಂಬ ಕುತೂಹಲವಿಲ್ಲ. ಓದುವವರನ್ನು ಮುಂದಿನ ಸಾಲಿಗೆ ಕರೆದೊಯ್ಯಬೇಕಾದದ್ದು ನೀವು ಕಂಡ ವಿವರ ಮಾತ್ರ. ಆ ವಿವರ ಸಂಜೆ ಮೇಜಿನ ಮುಂದೆ ಕೂತು ನೆನೆಸಿಕೊಂಡರೆ ಸಿಗುವುದಿಲ್ಲ. ಕಂಡ ಕ್ಷಣದಲ್ಲೇ ಗೀಚಿಕೊಂಡಿರಬೇಕು. ಹಾಗಾಗಿ ಬರವಣಿಗೆಯ ಮಾತಿಗಿಂತ ಮೊದಲು ಟಿಪ್ಪಣಿ ಪುಸ್ತಕದ ಮಾತು.

ಜೇಬಿಗೆ ಹಿಡಿಸುವ, ಗಟ್ಟಿ ರಟ್ಟಿನ ಒಂದು ಪುಸ್ತಕ ಸಾಕು. ಪೆನ್ನಿಗಿಂತ ಪೆನ್ಸಿಲ್ ಮೇಲು: ಇಬ್ಬನಿಯ ಕೈ ತಾಗಿದರೂ ಅಕ್ಷರ ಹರಡುವುದಿಲ್ಲ. ಎಡಪುಟದಲ್ಲಿ ಕಂಡದ್ದು ಮತ್ತು ಕೇಳಿದ್ದು ಮಾತ್ರ ಇರಲಿ. ದಿನಾಂಕ, ಗಂಟೆ, ಮೋಡವೋ ಬಿಸಿಲೋ, ಗಾಳಿ ಇದೆಯೋ ಇಲ್ಲವೋ, ಹಕ್ಕಿ ಕೂತ ಜಾಗ, ನೆಲದಿಂದ ಅಂದಾಜು ಎಷ್ಟು ಎತ್ತರ, ಎಷ್ಟು ಹಕ್ಕಿಗಳು, ಏನು ಮಾಡುತ್ತಿದ್ದವು. ಬಲಪುಟವನ್ನು ಖಾಲಿ ಬಿಡಿ. ನಿಮಗನಿಸಿದ್ದು, ಓದುತ್ತಿದ್ದ ಪುಸ್ತಕದಿಂದ ಹೊಳೆದದ್ದು, ಆಮೇಲೆ ಹುಟ್ಟಿದ ಪ್ರಶ್ನೆ ಎಲ್ಲವೂ ಅಲ್ಲಿಗೆ. ಎರಡನ್ನೂ ಒಂದೇ ಪುಟದಲ್ಲಿ ಕಲಸಿದರೆ ತಿಂಗಳ ನಂತರ ಯಾವುದು ಕಂಡದ್ದು, ಯಾವುದು ಕಲ್ಪಿಸಿಕೊಂಡದ್ದು ಎಂದು ನಿಮಗೇ ಗೊತ್ತಾಗುವುದಿಲ್ಲ.

ಇದು ಹೊಸ ಉಪಾಯವೇನಲ್ಲ. ಇಂಗ್ಲೆಂಡಿನ ಸೆಲ್ಬೋರ್ನ್ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ 1768ರಿಂದ 1793ರಲ್ಲಿ ಸಾಯುವವರೆಗೂ ಅಂಕಣ ಹಾಕಿದ ಅಚ್ಚಿನ ಹಾಳೆಗಳಲ್ಲಿ ಗಾಳಿ, ಮಳೆ, ಉಷ್ಣತೆ, ಮೊದಲು ಅರಳಿದ ಹೂ, ಮೊದಲು ಕಂಡ ಹಕ್ಕಿ ಎಂದು ತುಂಬುತ್ತಲೇ ಹೋದ. 1789ರಲ್ಲಿ ಅಚ್ಚಾದ ಅವನ ಪುಸ್ತಕ ಪತ್ರಗಳ ರೂಪದಲ್ಲೇ ಇದೆ. ನೋಟಕ್ಕೆ ಒಂದೇ ಎನಿಸುವ ಮೂರು ಪುಟ್ಟ ಎಲೆಹಕ್ಕಿಗಳನ್ನು ಅವುಗಳ ಕೂಗಿನಿಂದಲೇ ಬೇರೆ ಬೇರೆ ಎಂದು ಗುರುತಿಸಿದವನು ಅವನು. ಹೆಚ್ಚು ಅಲೆಯದೆ, ಒಂದೇ ಊರಿನ ಸುತ್ತ ಬಿಡದೆ ಗಮನಿಸಿದ್ದರ ಫಲ ಅದು. ನಿಮ್ಮ ಹಿತ್ತಲು ಚಿಕ್ಕದು ಎಂಬ ಕೊರಗು ಬೇಡ.

ಇನ್ನು ಕೂರುವ ಕ್ರಮ. ದಿನವೂ ಅದೇ ಜಾಗ, ಅದೇ ಹೊತ್ತು, 20ರಿಂದ 30 ನಿಮಿಷ. ಮೊದಲ ಐದಾರು ನಿಮಿಷ ಏನೂ ಕಾಣದಿದ್ದರೆ ಗಾಬರಿ ಬೇಡ. ನೀವು ಬಂದದ್ದಕ್ಕೆ ಹೆದರಿ ಸರಿದ ಹಕ್ಕಿಗಳು ಮರಳಲು ಅಷ್ಟು ಹೊತ್ತು ಬೇಕು. ಕಿಟಕಿಯ ಹಿಂದೆ ಕೂರುವುದಾದರೆ ಗಾಜಿಗೆ ಅಂಟಿಕೊಳ್ಳದೆ ಒಂದೆರಡು ಮೀಟರ್ ಹಿಂದಿರಿ, ಕೋಣೆಯ ದೀಪ ಆರಿಸಿ. ಒಳಗೆ ಕತ್ತಲಿದ್ದು ಹೊರಗೆ ಬೆಳಕಿದ್ದರೆ ಹಕ್ಕಿಗೆ ನಿಮ್ಮ ಅಲುಗಾಟ ಕಾಣುವುದು ಕಡಿಮೆ. ಕುರ್ಚಿ ಕಿಟಕಿಗೆ ಎದುರಾಗದೆ ಪಕ್ಕವಾಗಿರಲಿ. ಪುಸ್ತಕದ ಮೇಲೆ ಕಣ್ಣಿದ್ದರೂ ಕಣ್ಣಂಚಿನಲ್ಲಿ ಚಲನೆ ಗೊತ್ತಾಗುತ್ತದೆ. ಎದುರಿಗೇ ಕೂತರೆ ಓದೂ ಆಗುವುದಿಲ್ಲ, ನೋಡುವುದೂ ಆಗುವುದಿಲ್ಲ.

ಎಲ್ಲ ಹಕ್ಕಿಗಳನ್ನೂ ಬರೆಯಲು ಹೋಗಬೇಡಿ. ಮೊದಲ ವಾರ ಪಟ್ಟಿ ಮಾಡಿ, ಎರಡನೇ ವಾರದಿಂದ ಒಂದನ್ನೋ ಎರಡನ್ನೋ ಆರಿಸಿಕೊಳ್ಳಿ. ಆರಿಸುವಾಗ ಅಂದಚೆಂದ ನೋಡಬೇಡಿ. ಬಣ್ಣದ ಹಕ್ಕಿ ಒಂದು ಪ್ಯಾರಾದಲ್ಲಿ ಮುಗಿದುಹೋಗುತ್ತದೆ. ಹರಟೆಮಲ್ಲನ ಗುಂಪು ಮಣ್ಣುಬಣ್ಣದ್ದೇ ಇರಬಹುದು, ಆದರೆ ತರಗೆಲೆ ಕೆದಕುವುದು, ಒಂದರ ತಲೆಯನ್ನು ಇನ್ನೊಂದು ನೇವರಿಸುವುದು, ಬೆಕ್ಕು ಕಂಡೊಡನೆ ಎಲ್ಲವೂ ಸೇರಿ ಬಯ್ಯುವುದು ಎಂದು ಇಡೀ ಬರಹಕ್ಕಾಗುವಷ್ಟು ಕೆಲಸ ಅವುಗಳಲ್ಲಿದೆ.

ಹಕ್ಕಿಯನ್ನು ಕರೆಸಲು ಆಹಾರಕ್ಕಿಂತ ನೀರು ಒಳ್ಳೆಯದು. ಅಗಲವಾದ, ಆಳವಿಲ್ಲದ ತಟ್ಟೆ. ಅಂಚಿನಲ್ಲಿ ಒಂದೆರಡು ಸೆಂಟಿಮೀಟರ್ ನೀರು, ನಡುವೆ ಹೆಚ್ಚೆಂದರೆ 5 ಸೆಂಟಿಮೀಟರ್. ತಳ ನುಣುಪಾಗಿದ್ದರೆ ಕಾಲು ಜಾರುತ್ತದೆಂದು ಹಕ್ಕಿ ಇಳಿಯುವುದೇ ಇಲ್ಲ, ಒಂದಿಷ್ಟು ಒರಟು ಕಲ್ಲು ಹಾಕಿ. ದಟ್ಟ ಪೊದೆಯಿಂದ ಎರಡು ಮೂರು ಮೀಟರ್ ದೂರದಲ್ಲಿಟ್ಟರೆ ಬೆಕ್ಕು ಹೊಂಚುಹಾಕುವುದು ಕಷ್ಟ. ಆದರೆ ನೆನೆದ ರೆಕ್ಕೆ ಒದರಿಕೊಳ್ಳಲು ಹತ್ತಿರ ಒಂದು ಕೊಂಬೆಯೂ ಬೇಕು. ನೀರನ್ನು ದಿನವೂ ಚೆಲ್ಲಿ ಬೇರೆ ತುಂಬಿ. ಬಿಸಿಲ ದಿನಗಳಲ್ಲಿ ಸೊಳ್ಳೆಯ ಮೊಟ್ಟೆ ಒಂದೆರಡು ವಾರದೊಳಗೆ ಸೊಳ್ಳೆಯಾಗಿ ಹಾರುತ್ತದೆ, ಪಾಚಿಯೂ ಬೇಗ ಕಟ್ಟುತ್ತದೆ. ಗರಿ ಉಬ್ಬಿಸಿಕೊಂಡು ಮಂಕಾಗಿ ಕೂತ ಹಕ್ಕಿ ತಟ್ಟೆಯ ಬಳಿ ಕಂಡರೆ ತಟ್ಟೆಯನ್ನು ತೊಳೆದು ಕೆಲವು ದಿನ ಒಳಗಿಡಿ. ರೋಗ ಒಂದರಿಂದ ಇನ್ನೊಂದಕ್ಕೆ ದಾಟುವುದು ಇಂಥ ಕಡೆಯೇ. ಗಿಡಗಳಿಗೆ ಕೀಟನಾಶಕ ಹೊಡೆಯಬೇಡಿ. ಕಾಳು ತಿನ್ನುವ ಗುಬ್ಬಚ್ಚಿ ಕೂಡ ಮರಿಗಳಿಗೆ ಉಣಿಸುವುದು ಹೆಚ್ಚಾಗಿ ಹುಳುಗಳನ್ನೇ.

ದನಿಯನ್ನು ಬರೆಯುವುದರಲ್ಲಿ ಹೆಚ್ಚಿನವರು ಎಡವುತ್ತಾರೆ. ‘ಮಧುರ’, ‘ಇಂಪು’, ‘ಕಲರವ’ ಬರೆದ ಕೂಡಲೇ ಹಕ್ಕಿ ಮಾಯವಾಗುತ್ತದೆ. ಮೊದಲು ಲಯ ಹಿಡಿಯಿರಿ: ಎಷ್ಟು ಸಲ ಕೂಗಿತು, ನಡುವೆ ಎಷ್ಟು ಬಿಡುವು, ಸ್ವರ ಏರಿತೋ ಇಳಿಯಿತೋ, ಕೊನೆ ಹೇಗಾಯಿತು. ಅಕ್ಷರ ಕೂಡಿಸುವುದು ಆಮೇಲೆ. ಕಂಚುಕುಟಿಗದ ‘ಟುಕ್ ಟುಕ್’ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ನಿಮಿಷಕ್ಕೆ ನೂರರ ಆಸುಪಾಸಿನಲ್ಲಿ ಒಂದೇ ಸ್ವರ. ಗಡಿಯಾರ ಇಟ್ಟುಕೊಂಡು ಎಣಿಸಿ ನೋಡಿ, ಆ ಎಣಿಕೆಯೇ ನಿಮಗೊಂದು ವಾಕ್ಯ ಕೊಡುತ್ತದೆ. ಕೋಗಿಲೆಯ ‘ಕುಹೂ’ ಹಾಗಲ್ಲ. ಪ್ರತಿ ಸಲವೂ ಒಂದು ಮೆಟ್ಟಿಲು ಮೇಲೇರಿ, ತುದಿಯಲ್ಲಿ ಥಟ್ಟನೆ ನಿಂತು, ಮತ್ತೆ ಕೆಳಗಿನಿಂದ ಶುರುವಾಗುತ್ತದೆ. ಟುವ್ವಿ ಹಕ್ಕಿಯ ಮೈಗೂ ಗಂಟಲಿಗೂ ಅಳತೆಯೇ ಹೊಂದುವುದಿಲ್ಲ, ಅಷ್ಟು ಜೋರು. ಮಡಿವಾಳ ಹಕ್ಕಿ ಬೇರೆ ಹಕ್ಕಿಗಳ ಕೂಗನ್ನು ತನ್ನ ಹಾಡಿನೊಳಗೆ ಸೇರಿಸುವುದುಂಟು. ಅದು ಹಾಡುವಾಗ ಕಿವಿಯನ್ನಷ್ಟೇ ನಂಬಿ ಹಿತ್ತಲಲ್ಲಿ ಇಲ್ಲದ ಹಕ್ಕಿಯ ಹೆಸರು ಬರೆದುಬಿಡಬೇಡಿ.

ಕೋಗಿಲೆಯನ್ನು ನೀವು ‘ಅವಳು’ ಎಂದಿದ್ದೀರಿ. ನಮ್ಮ ಪದ್ಯಗಳ ಅಭ್ಯಾಸ ಅದು, ನಿಮ್ಮೊಬ್ಬರ ತಪ್ಪಲ್ಲ. ‘ಕುಹೂ’ ಎಂದು ಕೂಗುವುದು ಕಪ್ಪು ಮೈಯ, ಕೆಂಪು ಕಣ್ಣಿನ ಗಂಡು. ಹೆಣ್ಣು ಕಂದು ಮೈಮೇಲೆ ಬಿಳಿ ಚುಕ್ಕೆಯದು, ಅದರ ಕೂಗು ‘ಕಿಕ್ ಕಿಕ್ ಕಿಕ್’ ಎಂಬ ಚೀರಾಟ. ಅದು ಕಾಗೆಯ ಗೂಡಿನಲ್ಲಿ ಮೊಟ್ಟೆ ಇಡುತ್ತದೆ, ಕೋಗಿಲೆಯ ಮರಿ ಕಾಗೆಯ ಮರಿಗಿಂತ ಮೊದಲೇ ಒಡೆದು ಬರುತ್ತದೆ. ಹೀಗೆಯೇ ‘ಸೂರಕ್ಕಿ ದಂಪತಿ ಸೇರಿ ಗೂಡು ಕಟ್ಟಿದವು’ ಎಂಬ ಸಾಲು. ನಾರು, ಒಣಎಲೆ, ತೊಗಟೆ ಚೂರುಗಳನ್ನು ಜೇಡರ ಬಲೆಯಿಂದ ಬಿಗಿದು ಆ ತೂಗುಚೀಲ ಹೆಣೆಯುವುದು ಬಹುಮಟ್ಟಿಗೆ ಹೆಣ್ಣೇ. ಗಂಡು ಜೊತೆಗೆ ಹಾರಾಡುತ್ತದೆ, ಕೂಗುತ್ತದೆ. ‘ಗಂಡು ಪಕ್ಕದ ಕೊಂಬೆಯಲ್ಲಿ ಕೂಗುತ್ತಲೇ ಇತ್ತು’ ಎಂದು ಬರೆದರೆ ಸಾಕು, ದಾಂಪತ್ಯದ ಮೇಲಿನ ಟೀಕೆಯನ್ನು ಓದುವವರು ತಾವೇ ಸೇರಿಸಿಕೊಳ್ಳುತ್ತಾರೆ.

ನಾಲ್ಕನೇ ಪುಟದಲ್ಲಿ ಪಿಕಳಾರವೊಂದು ದಿನವೂ ಕಿಟಕಿಯ ಗಾಜನ್ನು ಕುಕ್ಕಿ ‘ನನ್ನನ್ನು ಹೊರಗೆ ಕರೆಯುತ್ತಿತ್ತು’ ಎಂದಿದ್ದೀರಿ. ಕರಡಿನ ಅತಿ ಒಳ್ಳೆಯ ದೃಶ್ಯ ಅದು, ಅತಿ ದೊಡ್ಡ ತಪ್ಪೂ ಅದೇ. ಗೂಡಿನ ಕಾಲದಲ್ಲಿ ಹಕ್ಕಿ ತನ್ನ ಪ್ರತಿಬಿಂಬವನ್ನು ಎದುರಾಳಿ ಎಂದು ತಿಳಿದು ಕಾದಾಡುತ್ತದೆ. ಗಾಜಿನ ಹೊರಮೈಯನ್ನು ಬಟ್ಟೆಯಿಂದಲೋ ಕಾಗದದಿಂದಲೋ ಮುಚ್ಚಿ, ಪ್ರತಿಬಿಂಬ ಹೋದರೆ ಜಗಳವೂ ಹೋಗುತ್ತದೆ. ಒಳಗಡೆ ಪರದೆ ಎಳೆದರೆ ಪ್ರತಿಬಿಂಬ ಇನ್ನೂ ಸ್ಪಷ್ಟವಾಗಬಹುದು. ಹಾರಿಬಂದು ಗಾಜಿಗೆ ಬಡಿಯುವುದು ಬೇರೆಯದೇ ತೊಂದರೆ. ಅದಕ್ಕೆ ಹೊರಮೈ ತುಂಬ ಸುಮಾರು 5 ಸೆಂಟಿಮೀಟರ್ ಅಂತರದಲ್ಲಿ ಚುಕ್ಕೆಯೋ ಗೆರೆಯೋ ಹಾಕಬೇಕು. ಒಂದೇ ಒಂದು ಗಿಡುಗದ ಚಿತ್ರ ಅಂಟಿಸಿದರೆ ಪಕ್ಕದ ಖಾಲಿ ಗಾಜಿಗೆ ಬಡಿಯುತ್ತವೆ. ಈಗ ದೃಶ್ಯವನ್ನು ಮತ್ತೆ ಬರೆಯಿರಿ. ಒಳಗೆ ನೀವು ಪುಸ್ತಕ ಹಿಡಿದು ಕೂತಿದ್ದೀರಿ, ಹೊರಗೆ ಅದು ತನ್ನೊಡನೆ ತಾನೇ ಗುದ್ದಾಡಿ ಸುಸ್ತಾಗುತ್ತಿದೆ, ನಿಮ್ಮನ್ನು ಅದು ನೋಡಿಯೂ ಇಲ್ಲ. ಮೊದಲಿನದಕ್ಕಿಂತ ಇದೇ ಬಲವಾಗಿದೆ ಎಂದು ನನಗನಿಸುತ್ತದೆ. ಹಕ್ಕಿ ನಿಮಗಾಗಿ ಏನನ್ನೂ ಮಾಡುವುದಿಲ್ಲ ಎಂಬುದನ್ನು ಒಪ್ಪಿಕೊಂಡರೆ ಅರ್ಧಕ್ಕರ್ಧ ಭಾವುಕತೆ ತಾನಾಗಿ ಉದುರುತ್ತದೆ.

ಗೂಡು ಸಿಕ್ಕಿದರೆ ಬರಹಕ್ಕೊಂದು ಅವಧಿ ಸಿಕ್ಕಿದ ಹಾಗೆ. ಪಿಕಳಾರದ ಮೊಟ್ಟೆ ಒಡೆಯಲು ಎರಡು ವಾರದ ಆಸುಪಾಸು, ಮರಿ ಗೂಡು ಬಿಡಲು ಮತ್ತೆ ಹೆಚ್ಚುಕಡಿಮೆ ಅಷ್ಟೇ. ಒಂದು ತಿಂಗಳ ಬರಹದ ಚೌಕಟ್ಟು ಅದು. ದೂರದಿಂದಲೇ ನೋಡಿ. ಕೊಕ್ಕಿನಲ್ಲಿ ಹುಳು ಹಿಡಿದ ಹಕ್ಕಿ ಗೂಡಿಗೆ ಹೋಗದೆ ಆಚೀಚೆ ಜಿಗಿಯುತ್ತ ಎಚ್ಚರಿಕೆಯ ಕೂಗು ಹಾಕುತ್ತಿದ್ದರೆ ನೀವು ತೀರ ಹತ್ತಿರವಿದ್ದೀರಿ, ಅದು ಗೂಡಿಗೆ ಹೋಗುವವರೆಗೆ ಹಿಂದೆ ಸರಿಯಿರಿ. ಫೋಟೋಗೆಂದು ಎಲೆ ಸರಿಸಿದರೆ ಕಾಗೆಗೆ ದಾರಿ ತೋರಿದಂತೆ. ಹಿತ್ತಲ ಗೂಡುಗಳಲ್ಲಿ ಬಹಳಷ್ಟು ಕಾಗೆ, ಬೆಕ್ಕು, ಹಾವುಗಳ ಪಾಲಾಗುತ್ತವೆ. ಹಾಗಾದರೆ ಹಾಗೆಯೇ ಬರೆಯಿರಿ. ಎರಡು ವಾರ ನೋಡಿದ ಗೂಡು ಒಂದು ಬೆಳಗ್ಗೆ ಬರಿದಾಗಿದ್ದರೆ ಅದನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿ. ಅಲ್ಲಿ ಕಣ್ಣೀರು ಸುರಿಸಿದರೆ ಓದುವವರಿಗೆ ಸುರಿಸಲು ಉಳಿಯುವುದಿಲ್ಲ.

ಅನಾಥ ಮರಿಯನ್ನು ಸಾಕಿದ ಪ್ರಸಂಗಗಳ ಬಗ್ಗೆಯೂ ಎಚ್ಚರ. ಮೈತುಂಬ ಗರಿ ಬಂದು, ಬಾಲ ಮೋಟಾಗಿ, ನೆಲದಲ್ಲಿ ಕುಪ್ಪಳಿಸುವ ಮರಿ ಸಾಮಾನ್ಯವಾಗಿ ಅನಾಥವಲ್ಲ. ತಾಯಿತಂದೆ ಹತ್ತಿರದಲ್ಲೇ ಇದ್ದು ಉಣಿಸುತ್ತವೆ. ಬೆಕ್ಕನ್ನು ಒಳಗೆ ಕಟ್ಟಿಹಾಕುವುದೇ ನೀವು ಮಾಡಬಹುದಾದ ಉಪಕಾರ. ಗರಿಯಿಲ್ಲದ ಮರಿ ಬಿದ್ದಿದ್ದರೆ ಗೂಡಿಗೆ ಮರಳಿಸಬಹುದು. ಮನುಷ್ಯ ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದೆ ಎಂಬುದು ನಿಜವಲ್ಲ.

ಪುಸ್ತಕದ ಕಡೆಗೆ ಬರೋಣ. ಹಕ್ಕಿಗಳು ಚುರುಕಾಗಿರುವುದು ಬೆಳಗಿನ ಮೊದಲ ಎರಡು ಗಂಟೆ ಮತ್ತು ಸಂಜೆ. ಆ ಹೊತ್ತಿಗೆ ಪತ್ರ, ಪ್ರಬಂಧ, ಕವಿತೆಯಂಥ ತುಂಡು ತುಂಡಾದ ಓದು ಹೊಂದುತ್ತದೆ, ನಡುವೆ ತಲೆ ಎತ್ತಿದರೂ ಎಳೆ ತಪ್ಪುವುದಿಲ್ಲ. ದೊಡ್ಡ ಕಾದಂಬರಿಯನ್ನು ನಡುಹಗಲಿಗೆ ಇಟ್ಟುಕೊಳ್ಳಿ. ಬಿಸಿಲೇರಿದಾಗ ಹಕ್ಕಿಗಳೂ ನೆರಳು ಹಿಡಿದು ಸುಮ್ಮನಾಗುತ್ತವೆ. ದಿನಕ್ಕೊಂದು ಪ್ಯಾರಾವನ್ನು ಕೈಯಿಂದ ನಕಲು ಮಾಡಿ. ಬೇರೆಯವರ ವಾಕ್ಯ ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ, ಕ್ರಿಯಾಪದವನ್ನು ಎಷ್ಟು ತಡವಾಗಿ ತರುತ್ತದೆ ಎಂಬುದು ಕಣ್ಣಿಗಿಂತ ಬೆರಳಿಗೆ ಬೇಗ ತಿಳಿಯುತ್ತದೆ. ಕನ್ನಡದಲ್ಲಿ ಇದು ಮುಖ್ಯ, ಏಕೆಂದರೆ ನಮ್ಮ ವಾಕ್ಯದ ಭಾರವೆಲ್ಲ ಕೊನೆಗೆ ಬಂದು ಕೂರುತ್ತದೆ. ಹಕ್ಕಿಯ ಚಲನೆಯನ್ನು ಉದ್ದ ವಾಕ್ಯದಲ್ಲಿ ಬರೆದರೆ ಕ್ರಿಯಾಪದ ಬರುವಷ್ಟರಲ್ಲಿ ಹಕ್ಕಿ ಹಾರಿಹೋಗಿರುತ್ತದೆ.

ಬರಹದೊಳಗೆ ಪುಸ್ತಕ ಬರುವುದಾದರೆ ಅಲಂಕಾರಕ್ಕೆ ಬರಬಾರದು. ನೀವು ಉದ್ಧರಿಸಿರುವ ಐದು ಸಾಲುಗಳಲ್ಲಿ ನಾಲ್ಕನ್ನು ತೆಗೆಯಿರಿ. ಅವು ಹೇಳುವುದನ್ನು ನಿಮ್ಮ ಹಿತ್ತಲೇ ಹೇಳುತ್ತಿದೆ. ಉಳಿದ ಒಂದನ್ನು ಯಾವ ವಾಕ್ಯದ ನಡುವೆ ಓದು ನಿಂತಿತು, ಯಾವ ಕೂಗಿಗೆ ತಲೆ ಎತ್ತಿದಿರಿ, ಮರಳಿದಾಗ ಆ ವಾಕ್ಯ ಬೇರೆಯಾಗಿ ಕಂಡಿತೇ ಎಂಬುದರ ಜೊತೆಗೆ ಕೂರಿಸಿ. ಬೇರೆಯಾಗಿ ಕಾಣದಿದ್ದರೆ ಕಂಡಿತೆಂದು ಬರೆಯಬೇಡಿ. ಹಕ್ಕಿಗೂ ಪುಸ್ತಕಕ್ಕೂ ಬಲವಂತದ ನಂಟು ಕಟ್ಟುವುದು ಈ ಬಗೆಯ ಪ್ರಬಂಧಗಳ ಹಳೇ ಚಾಳಿ. ಎರಡೂ ಒಂದೇ ಮಧ್ಯಾಹ್ನದಲ್ಲಿ ಇದ್ದವು ಎಂಬಷ್ಟೇ ನಂಟು ಸಾಲುತ್ತದೆ.

ಹಕ್ಕಿಯನ್ನು ನೋಡಿದ ದಿನವೇ ಕರಡು ಬರೆಯಿರಿ, ತಿದ್ದುವುದನ್ನು ಮಾತ್ರ ಒಂದು ವಾರ ಮುಂದೂಡಿ. ಆಮೇಲೆ ಗಟ್ಟಿಯಾಗಿ ಓದುತ್ತ ವಿಶೇಷಣಗಳ ಕೆಳಗೆ ಗೆರೆ ಎಳೆಯಿರಿ. ಎಡಪುಟದ ಟಿಪ್ಪಣಿಯಲ್ಲಿ ಬೆಂಬಲ ಸಿಗದ್ದನ್ನೆಲ್ಲ ಹೊಡೆದುಹಾಕಿ. ‘ಶಾಂತ’, ‘ನೀರವ’, ‘ಮೌನ’ ಎಲ್ಲಿ ಬಂದಿದೆಯೋ ಅಲ್ಲಿ ಆ ಹೊತ್ತಿಗೆ ನಿಜಕ್ಕೂ ಕೇಳುತ್ತಿದ್ದ ಸದ್ದೊಂದನ್ನು ಇಡಿ. ತರಗೆಲೆಯ ಮೇಲೆ ಹಕ್ಕಿಯ ಕಾಲು ಕೇಳಿಸಿತು ಎಂದರೆ ಉಳಿದದ್ದೆಲ್ಲ ಸುಮ್ಮನಿತ್ತು ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕೊನೆಯ ಪ್ಯಾರಾದಲ್ಲಿ ಪ್ರಕೃತಿ ನಿಮಗೆ ಏನು ಕಲಿಸಿತು ಎಂದು ಬರೆದಿದ್ದೀರಲ್ಲ, ಅದಿಷ್ಟನ್ನೂ ತೆಗೆಯಿರಿ. ಅದರ ಹಿಂದಿನ ಪ್ಯಾರಾ, ಮೈನಾ ತಟ್ಟೆಯಂಚಿಗೆ ಬಂದು ನೀರು ಕುಡಿಯದೆ ಹೋದದ್ದು, ಅಲ್ಲಿಗೇ ಮುಗಿಸಬಹುದು.

ಮುಂದಿನ ಕರಡು ಕಳಿಸುವಾಗ ಟಿಪ್ಪಣಿ ಪುಸ್ತಕದ ಒಂದು ವಾರದ ಎಡಪುಟಗಳ ನಕಲನ್ನೂ ಜೊತೆಗಿಡಿ. ಯಾವುದನ್ನು ಬರಹಕ್ಕೆ ತಂದಿದ್ದೀರಿ ಎನ್ನುವುದಕ್ಕಿಂತ ಯಾವುದನ್ನು ಬಿಟ್ಟಿದ್ದೀರಿ ಎಂದು ನೋಡಬೇಕಾಗಿದೆ.

ಇಂತಿ,
ನಿಮ್ಮ ಹಿರಿಯ ಓದುಗ