ನಿನ್ನ ದೋಣಿ ಎಷ್ಟು ನಿಧಾನವಾಗಿ ಓಡಬಲ್ಲದು?

ಪ್ರಿಯ ಗೆಳೆಯ,

ಹೊಸ ದೋಣಿಯ ಬಗ್ಗೆ ನೀನು ಬರೆದದ್ದನ್ನು ಎರಡು ಸಲ ಓದಿದೆ. 7 ಮೀಟರ್ ಉದ್ದ, ಹಿಂದೆ 200 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್, ತಿಳಿನೀರಿನಲ್ಲಿ 40 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಹತ್ತಿರದ ವೇಗ. ಮೀನು ಸಿಗುವ ಜಾಗಕ್ಕೆ ಎಲ್ಲರಿಗಿಂತ ಮೊದಲು ತಲುಪುತ್ತೀಯ, ಅದು ಸಂತೋಷವೇ. ಆದರೆ ಸ್ವಲ್ಪ ಗಾಳಿ ಎದ್ದರೂ ದೋಣಿ ಸೊಂಟ ಮುರಿಯುವಂತೆ ಬಡಿಯುತ್ತದೆ, ತಳದ ವಿನ್ಯಾಸದಲ್ಲಿಯೇ ದೋಷವಿರಬಹುದೇ ಎಂದು ಕೇಳಿದ್ದೀಯ. ದೋಷವಿದೆ ಎಂದು ನನಗೆ ಅನಿಸುವುದಿಲ್ಲ. ನಿನ್ನ ಪತ್ರದಲ್ಲಿ ದೋಣಿಯ ಗರಿಷ್ಠ ವೇಗ ಇದೆ, ಕನಿಷ್ಠ ವೇಗ ಇಲ್ಲ. ಅಲೆಯೆದ್ದ ನೀರಿನಲ್ಲಿ ನಿನಗೆ ಬೇಕಾಗುವುದು ಆ ಎರಡನೆಯ ಸಂಖ್ಯೆ.

ಕನಿಷ್ಠ ಎಂದರೆ ಎಂಜಿನ್ ಸುಮ್ಮನೆ ಗುನುಗುವ ವೇಗವಲ್ಲ. ನಿನ್ನದರಷ್ಟು ಉದ್ದದ ದೋಣಿ ಸುಮಾರು 6 ನಾಟ್‌ವರೆಗೆ ನೀರನ್ನು ಸರಿಸಿಕೊಂಡು ಸಾಗುತ್ತದೆ. ಅಲ್ಲಿಂದ ಮೇಲೆ ಥ್ರಾಟಲ್ (ಎಂಜಿನ್ ವೇಗದ ಹಿಡಿ) ಒತ್ತಿದರೆ ಮೂತಿ ಆಕಾಶ ನೋಡುತ್ತದೆ, ಹಿಂಭಾಗ ನೀರಿನಲ್ಲಿ ಹೂತುಕೊಳ್ಳುತ್ತದೆ, ಮುಂದೇನಿದೆ ಎಂಬುದೇ ಕಾಣುವುದಿಲ್ಲ. ಇನ್ನೂ ಒತ್ತಿದರೆ ತಾನೇ ಎಬ್ಬಿಸಿದ ಅಲೆಯನ್ನು ಹತ್ತಿ ದಾಟಿ, ನೀರಿನ ಮೇಲ್ಮೈಯಲ್ಲಿ ಜಾರತೊಡಗುತ್ತದೆ. ಇದೇ ಪ್ಲೇನಿಂಗ್. ಒಮ್ಮೆ ಹೀಗೆ ಜಾರಲು ತೊಡಗಿದ ದೋಣಿಯನ್ನು ಎಷ್ಟು ನಿಧಾನಕ್ಕೆ ಇಳಿಸಿದರೂ ಅದು ಮತ್ತೆ ಕುಸಿಯದೆ ಉಳಿಯುತ್ತದೋ, ಆ ವೇಗವನ್ನೇ ನಾನು ಕನಿಷ್ಠ ಎನ್ನುತ್ತಿರುವುದು. ಈ ಗಾತ್ರದ ಅನೇಕ ದೋಣಿಗಳಲ್ಲಿ ಅದು 12ರಿಂದ 16 ನಾಟ್ ನಡುವೆ ಇರುತ್ತದೆ. ನಿನ್ನದು ಎಷ್ಟೆಂದು ನೀನೇ ಅಳೆಯಬೇಕು. ಗಾಳಿಯಿಲ್ಲದ ದಿನ, ಎಂದಿನಷ್ಟೇ ಜನ, ಎಂದಿನಷ್ಟೇ ಇಂಧನ. ದೋಣಿಯನ್ನು ಜಾರುವ ಸ್ಥಿತಿಗೆ ತಂದು, ಎಂಜಿನ್‌ನ ಟ್ರಿಮ್ (ಅದರ ಓರೆ) ಪೂರ್ತಿ ದೋಣಿಯ ಕಡೆಗೆ ಒಳಕ್ಕೆ ಎಳೆದು, ಹಿಂದಿನ ಟ್ರಿಮ್ ಟ್ಯಾಬ್‌ಗಳನ್ನು, ಅಂದರೆ ಮೇಲೆ ಕೆಳಗೆ ಆಡುವ ಆ ಚಪ್ಪಟೆ ಪಟ್ಟಿಗಳನ್ನು, ಕೆಳಗಿಳಿಸಿ, ಥ್ರಾಟಲನ್ನು ಕೂದಲೆಳೆಯಷ್ಟಾಗಿ ಹಿಂದೆ ತರುತ್ತಾ ಜಿಪಿಎಸ್ ನೋಡು. ಹಿಂಭಾಗ ಕುಸಿಯುವ ಮುಂಚಿನ ಅಂಕಿಯನ್ನು ಬರೆದಿಟ್ಟುಕೊ. ಟ್ಯಾಬ್‌ಗಳನ್ನು ಮೇಲೆತ್ತಿಯೂ ಒಮ್ಮೆ ಅಳೆ. ಅದು ಯಾಕೆಂದು ಮುಂದೆ ಹೇಳುತ್ತೇನೆ.

ಈ ಅಂಕಿಗೆ ಯಾಕಿಷ್ಟು ಬೆಲೆ ಕೊಡುತ್ತೇನೆ ಎಂಬುದನ್ನು ಅಲೆಯ ಲೆಕ್ಕದಿಂದಲೇ ನೋಡು. ಆಳದ ನೀರಿನಲ್ಲಿ ಅಲೆಯ ಅವಧಿ, ಅಂದರೆ ಒಂದು ನೆತ್ತಿಯ ನಂತರ ಮುಂದಿನ ನೆತ್ತಿ ಬರಲು ಹಿಡಿಯುವ ಸಮಯ, 4 ಸೆಕೆಂಡ್ ಇದ್ದರೆ ಅದರ ಉದ್ದ ಸುಮಾರು 25 ಮೀಟರ್, ವೇಗ ಸುಮಾರು 12 ನಾಟ್. ಗಾಳಿ ಆಗತಾನೇ ಎಬ್ಬಿಸಿದ ಒತ್ತೊತ್ತಾದ ಅಲೆಗಳು ಹೀಗೆಯೇ ಇರುತ್ತವೆ. ಅವುಗಳಿಗೆ ಎದುರಾಗಿ 25 ನಾಟ್‌ನಲ್ಲಿ ನುಗ್ಗಿದರೆ ಸುಮಾರು 1.3 ಸೆಕೆಂಡಿಗೊಂದು ಅಲೆ ಎದುರಾಗುತ್ತದೆ. ಒಂದರಿಂದ ಹಾರಿದ ದೋಣಿ ಸರಿಯಾಗಿ ಇಳಿಯುವ ಮೊದಲೇ ಮುಂದಿನದು ಬಂದಿರುತ್ತದೆ. 14 ನಾಟ್‌ಗೆ ಇಳಿಸಿದರೆ ನಡುವೆ ಸುಮಾರು 1.9 ಸೆಕೆಂಡ್ ಸಿಗುತ್ತದೆ. ಅರ್ಧ ಸೆಕೆಂಡಿನ ವ್ಯತ್ಯಾಸ ಕೇಳಲು ಅಲ್ಪವೆನಿಸಬಹುದು, ಆದರೆ ಕೈ ಥ್ರಾಟಲ್ ಮೇಲೆ ಕೆಲಸ ಮಾಡಲು ಅದೇ ಸಾಕು. ಮೇಲಾಗಿ ತಳಕ್ಕೆ ಬೀಳುವ ಬಡಿತದ ಒತ್ತಡ, ಸ್ಥೂಲವಾಗಿ ಹೇಳುವುದಾದರೆ, ಅಪ್ಪಳಿಸುವ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಅಪ್ಪಳಿಸುವ ವೇಗ ಅರ್ಧವಾದರೆ ಒತ್ತಡ ಕಾಲು ಭಾಗಕ್ಕೆ ಇಳಿಯುತ್ತದೆ. ನಿನ್ನ ಸೊಂಟ ಕೇಳುತ್ತಿರುವುದು ಇದನ್ನೇ.

ಹೀಗಾಗಿ ಮುನ್ಸೂಚನೆಯಲ್ಲಿ ಅಲೆಯ ಎತ್ತರವನ್ನಷ್ಟೇ ನೋಡಿ ಹೊರಡಬೇಡ, ಅವಧಿಯನ್ನೂ ನೋಡು. 10 ಸೆಕೆಂಡ್ ಅವಧಿಯ ಅಲೆಯ ಉದ್ದ 150 ಮೀಟರಿಗೂ ಹೆಚ್ಚು. ಅದು 2 ಮೀಟರ್ ಎತ್ತರವಿದ್ದರೂ ಆಳದ ನೀರಿನಲ್ಲಿ ದೋಣಿ ಆರಾಮವಾಗಿ ಏರಿ ಇಳಿಯುತ್ತದೆ. 4 ಸೆಕೆಂಡ್ ಅವಧಿಯ 1 ಮೀಟರ್ ಅಲೆ ಅದಕ್ಕಿಂತ ಹೆಚ್ಚು ಕಾಡುತ್ತದೆ. ಮುನ್ಸೂಚನೆಯ ಎತ್ತರ ಎಂದರೆ ಅತಿ ಎತ್ತರದ ಮೂರನೇ ಒಂದು ಭಾಗ ಅಲೆಗಳ ಸರಾಸರಿ ಎಂಬುದೂ ನೆನಪಿರಲಿ. ದಿನವಿಡೀ ನೀರಿನಲ್ಲಿದ್ದರೆ ಅದರ ಎರಡರಷ್ಟಕ್ಕೆ ಹತ್ತಿರದ ಅಲೆಯೂ ಬಂದೇ ಬರುತ್ತದೆ.

ಎದುರಲೆಯಲ್ಲಿ ಮೂತಿಯನ್ನು ತಗ್ಗಿಸಿಡು. ನಿನ್ನ ದೋಣಿಯ ತಳ ಮುಂದೆ ಕತ್ತಿಯಂತೆ ಚೂಪಾಗಿದೆ, ಹಿಂದೆ ಹೋದಂತೆ ಚಪ್ಪಟೆಯಾಗುತ್ತದೆ. ಮೂತಿ ಎತ್ತಿಕೊಂಡು ಓಡಿದರೆ ಚಪ್ಪಟೆ ಭಾಗವೇ ಅಲೆಗೆ ಬಡಿಯುತ್ತದೆ. ಹಣ ಕೊಟ್ಟು ಕೊಂಡ ಚೂಪು ಗಾಳಿಯಲ್ಲಿ ವ್ಯರ್ಥವಾಗುತ್ತದೆ. ಈ ಆಳವಾದ ವಿ ಆಕಾರದ ತಳದ ಹಿಂದೆ ನನಗೆ ತುಂಬ ಇಷ್ಟವಾದ ಒಂದು ಕಥೆಯಿದೆ. ಅಮೆರಿಕದ ವಿನ್ಯಾಸಕ ರೇ ಹಂಟ್ ತಳದ ಸುಮಾರು 24 ಡಿಗ್ರಿಯ ಇಳಿಜಾರನ್ನು ಮೂತಿಯಲ್ಲಿ ಬಿಟ್ಟುಬಿಡದೆ ಹಿಂಭಾಗದವರೆಗೂ ಒಯ್ದರು. ಆ ಬಗೆಯ ಪುಟ್ಟ ದೋಣಿಯೊಂದು ಒರಟು ನೀರಿನಲ್ಲಿ ಸಲೀಸಾಗಿ ಓಡುವುದನ್ನು 1958ರಲ್ಲಿ ದೋಣಿ ವ್ಯಾಪಾರಿ ಡಿಕ್ ಬರ್ಟ್ರಾಮ್ ಕಂಡರು. ಅದೇ ತಳದ ಮೇಲೆ ಕಟ್ಟಿಸಿದ 'ಮಾಪಿ' ಎಂಬ ಮರದ ದೋಣಿಯಲ್ಲಿ 1960ರ ಮಯಾಮಿ–ನಸಾವು (ಅಮೆರಿಕದಿಂದ ಬಹಾಮಾಸ್‌ಗೆ) ಮೋಟಾರು ದೋಣಿ ಪಂದ್ಯ ಗೆದ್ದರು. ಅಂದು ಕಡಲು ಕೆರಳಿತ್ತು. ವೇಗದ ಮೀನುಗಾರಿಕೆ ದೋಣಿಗಳ ತಳ ಬದಲಾದದ್ದು ಅಲ್ಲಿಂದ ಮುಂದೆ. ಆದರೆ ಆ ಆಕಾರಕ್ಕೂ ಅದರದೇ ಬೆಲೆಯಿದೆ: ತಳ ಚೂಪಾದಷ್ಟೂ ಜಾರಲು ಹೆಚ್ಚು ಶಕ್ತಿ ಬೇಕು, ಕನಿಷ್ಠ ವೇಗವೂ ಏರುತ್ತದೆ, ನಿಂತಾಗ ಓಲಾಟವೂ ಹೆಚ್ಚು.

ಎದುರಲೆಗೆ ನೇರವಾಗಿ ನುಗ್ಗುವ ಬದಲು ಸ್ವಲ್ಪ ಓರೆಯಾಗಿ, 30 ಡಿಗ್ರಿಯಷ್ಟು ಪಕ್ಕಕ್ಕೆ ಹಿಡಿ. ದೋಣಿಯ ಪಾಲಿಗೆ ಅಲೆ ಉದ್ದವಾಗುತ್ತದೆ, ಏರು ಸೌಮ್ಯವಾಗುತ್ತದೆ. ದಾರಿ ಹೆಚ್ಚಾದರೂ ಬೇಸರಪಡಬೇಡ. ಒಂದು ಕೈ ಚುಕ್ಕಾಣಿಯಲ್ಲಿರಲಿ, ಇನ್ನೊಂದು ಥ್ರಾಟಲ್ ಬಿಟ್ಟು ಕದಲದಿರಲಿ. ಕಣಿವೆಯಿಂದ ಏರುವಾಗ ಸ್ವಲ್ಪ ಒತ್ತಡ ಕೊಟ್ಟರೆ ಮೂತಿ ಎದ್ದುಕೊಳ್ಳುತ್ತದೆ. ನೆತ್ತಿ ಮುಟ್ಟುವ ಮುಂಚೆಯೇ ಸಡಿಲಿಸಿದರೆ ದೋಣಿ ಹಾರದೆ ಆಚೆಗೆ ಇಳಿಯುತ್ತದೆ. ಪೂರ್ತಿ ಮುಚ್ಚಬೇಡ, ಮೂತಿ ಧೊಪ್ಪನೆ ಕುಸಿದು ಮುಂದಿನ ಅಲೆಗೆ ತಲೆಯೊಡ್ಡುತ್ತದೆ. ಪ್ರೊಪೆಲ್ಲರ್ ನೀರು ಬಿಟ್ಟು ಎಂಜಿನ್ ಕಿರುಚುತ್ತಿದೆಯೆಂದರೆ ನೀನು ತಡವಾಗಿ ಸಡಿಲಿಸುತ್ತಿದ್ದೀಯ.

ಹಿಂದಿನಿಂದ ಬರುವ ಅಲೆಯ ಬಗ್ಗೆ ನೀನು ಒಂದು ಮಾತೂ ಬರೆದಿಲ್ಲ. ಅದೇ ನನ್ನನ್ನು ಹೆದರಿಸುತ್ತದೆ. ಆ ಓಟ ಹಿತವಾಗಿರುತ್ತದೆ, ಬಡಿತವಿರುವುದಿಲ್ಲ, ಆದ್ದರಿಂದ ಎಲ್ಲರೂ ವೇಗ ಏರಿಸುತ್ತಾರೆ. ಆಗ ದೋಣಿ ಒಂದು ಅಲೆಯ ನೆತ್ತಿ ದಾಟಿ ಇಳಿಜಾರಿನಲ್ಲಿ ಧಾವಿಸಿ ಮುಂದಿನ ಅಲೆಯ ಬೆನ್ನಿಗೆ ಮೂತಿ ಚುಚ್ಚುತ್ತದೆ. ಮೂತಿ ಅಲ್ಲಿ ಸಿಕ್ಕಿಕೊಂಡು ಹಿಂಭಾಗ ಮೇಲೆದ್ದರೆ ಪ್ರೊಪೆಲ್ಲರ್‌ಗೆ ಹಿಡಿತವಿಲ್ಲ, ಚುಕ್ಕಾಣಿಯ ಮಾತು ಕೇಳುವವರಿಲ್ಲ. ದೋಣಿ ಗರಕ್ಕನೆ ಅಡ್ಡ ತಿರುಗಿ, ಮುಂದಿನ ಅಲೆಗೆ ಪಕ್ಕೆ ಕೊಟ್ಟು ಮಗುಚಲೂಬಹುದು. ಇಲ್ಲಿ ಎದುರಲೆಯ ಪಾಠವನ್ನು ತಿರುವುಮುರುವು ಮಾಡಿಕೊ: ಟ್ಯಾಬ್‌ಗಳು ಪೂರ್ತಿ ಮೇಲೆ, ಎಂಜಿನ್ ಟ್ರಿಮ್ ಸ್ವಲ್ಪ ಹೊರಕ್ಕೆ, ಮೂತಿ ಹಗುರ. ಟ್ಯಾಬ್ ಎತ್ತಿಯೂ ಅಳೆ ಎಂದದ್ದು ಇದಕ್ಕಾಗಿ. ಅಲೆ 12 ನಾಟ್‌ನಲ್ಲಿ ಓಡುತ್ತಿದ್ದು ನೀನು 14ರಲ್ಲಿ ಜಾರಬಲ್ಲೆಯಾದರೆ ಒಂದು ಅಲೆಯ ಬೆನ್ನಿನ ಮೇಲೆ ಬಹಳ ಹೊತ್ತು ಇರಬಹುದು. ಎಲ್ಲಿ, ಯಾವಾಗ ದಾಟಬೇಕೆಂಬುದನ್ನು ನೀನೇ ನಿರ್ಧರಿಸಬಹುದು. ನಿನ್ನ ಕನಿಷ್ಠವೇ 18 ಆಗಿದ್ದರೆ ಆ ಆಯ್ಕೆ ನಿನ್ನ ಕೈಯಲ್ಲಿ ಅಷ್ಟಾಗಿ ಇರುವುದಿಲ್ಲ.

ಪಕ್ಕದ ಅಲೆಗೆ ಹೆಚ್ಚು ಹೇಳುವುದಿಲ್ಲ. ಅಂಕುಡೊಂಕಾಗಿ ಸಾಗು. ಆಳದ ವಿ ತಳ ಗಾಳಿ ಬರುವ ಕಡೆಗೇ ವಾಲುತ್ತದೆ. ಆ ಬದಿಯ ಟ್ಯಾಬನ್ನು ತುಸು ಇಳಿಸಿದರೆ ಆ ಬದಿ ಎದ್ದು ದೋಣಿ ನೆಟ್ಟಗಾಗುತ್ತದೆ, ಎರಚಲೂ ಕಡಿಮೆಯಾಗುತ್ತದೆ.

ಭಾರದ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರು. ಜೀವಂತ ಮೀನಿನ ತೊಟ್ಟಿ ಪೂರ್ತಿ ತುಂಬಿರಬೇಕು ಇಲ್ಲವೇ ಪೂರ್ತಿ ಖಾಲಿಯಿರಬೇಕು. ತುಂಬಿದ ಕೊಡ ತುಳುಕುವುದಿಲ್ಲ. ಅರ್ಧ ತುಂಬಿದ ತೊಟ್ಟಿಯ ನೀರು ದೋಣಿ ವಾಲಿದ ಕಡೆಗೇ ಓಡಿ ಇನ್ನಷ್ಟು ವಾಲಿಸುತ್ತದೆ. ಮಂಜುಗಡ್ಡೆಯ ಪೆಟ್ಟಿಗೆಯನ್ನು ನಡುಭಾಗದಲ್ಲಿ ಕಟ್ಟು. ಜನರನ್ನು ಮೂತಿಯ ಕಡೆ ಕೂರಿಸಲೇಬೇಡ. ದೋಣಿ ಅತಿ ಹೆಚ್ಚು ಏರಿಳಿಯುವುದು ಅಲ್ಲಿ, ವೇಗದ ದೋಣಿಗಳಲ್ಲಿ ಬೆನ್ನುಮೂಳೆ ಮುರಿದುಕೊಂಡವರಲ್ಲಿ ಮುಂದೆ ಕುಳಿತವರು ಬಹಳ ಮಂದಿ. ನೀನು ನಿಂತು, ಮೊಣಕಾಲು ಸಡಿಲ ಬಿಟ್ಟು ನಡೆಸು. ಎಂಜಿನ್ ನಿಲ್ಲಿಸುವ ಸುರಕ್ಷಾ ದಾರದ ಕೊಂಡಿ ನಿನ್ನ ಮೈಗೆ ಸಿಕ್ಕಿಸಿರಲಿ, ಜೀವರಕ್ಷಕ ಕವಚ ತೊಟ್ಟಿರಲಿ. ನೀನು ನೀರಿಗೆ ಬಿದ್ದ ಮೇಲೆ ಎಂಜಿನ್ ಓಡುತ್ತಲೇ ಇದ್ದರೆ ದೋಣಿ ಸುತ್ತು ಹೊಡೆದು ನಿನ್ನ ಮೇಲೆಯೇ ಬರಬಹುದು.

ಅಳಿವೆಯ ಬಾಯಿಯಲ್ಲಿ ಇಳಿತದ ನೀರು ಹೊರಹರಿಯುವಾಗ ಎದುರಿನಿಂದ ಅಲೆ ಬರುತ್ತಿದ್ದರೆ ಆ ಅಲೆಯ ಉದ್ದ ಕುಗ್ಗಿ, ಅದು ಕಡಿದಾಗಿ, ಒಡೆಯುತ್ತದೆ. ನೀರಿನ ಆಳ ಅಲೆಯ ಎತ್ತರದ 1.3 ಪಟ್ಟಿಗೆ ಇಳಿದಲ್ಲಿ ಹೇಗೂ ಒಡೆಯುತ್ತದೆ. ಹೊರಗೆ ನಿಂತು ಅಲೆಗಳ ಗುಂಪುಗಳನ್ನು ನೋಡು, ಇಳಿತ ಮುಗಿದು ಉಬ್ಬರ ಶುರುವಾಗುವವರೆಗೆ ಕಾಯಬೇಕಾದರೆ ಕಾಯಿ. ಒಳನುಗ್ಗಿದ ಮೇಲೆ ನಡುದಾರಿಯಲ್ಲಿ ಹಿಂದಿರುಗುವ ಯೋಚನೆ ಬೇಡ.

ಕನಿಷ್ಠ ವೇಗವನ್ನೂ ನಿಭಾಯಿಸಲಾಗದಷ್ಟು ಅಲೆಯಿದ್ದರೆ 6 ನಾಟ್‌ಗೆ ಇಳಿದು ಸಾಗು. ಮೂತಿ ಆಕಾಶ ನೋಡುವ ಆ ನಡುವಿನ ವೇಗದಲ್ಲಿ ಮಾತ್ರ ಒದ್ದಾಡಬೇಡ, ಅಲ್ಲಿ ಎರಡೂ ಕಡೆಯ ಕಷ್ಟಗಳಿವೆ.

ದೋಣಿ ಬದಲಿಸುವ ಮಾತನ್ನು ಸದ್ಯಕ್ಕೆ ಬಿಡು. ಮೂರು ಅಲಗಿನ ಪ್ರೊಪೆಲ್ಲರ್ ಬದಲು ನಾಲ್ಕು ಅಲಗಿನದನ್ನು ಹಾಕಿದರೆ ಗರಿಷ್ಠ ವೇಗ ಸಾಮಾನ್ಯವಾಗಿ ತುಸು ಇಳಿಯುತ್ತದೆ, ಆದರೆ ಅದು ಹಿಂಭಾಗವನ್ನು ಎತ್ತಿ ಹಿಡಿದು ಇನ್ನೂ ನಿಧಾನದಲ್ಲಿ ಜಾರಲು ಬಿಡುತ್ತದೆ, ಕಲಕಿದ ನೀರಿನಲ್ಲಿ ಹಿಡಿತವನ್ನೂ ಬಿಡುವುದಿಲ್ಲ. ಅಳೆದ ಎರಡೂ ಅಂಕಿಗಳ ಜೊತೆಗೆ ಈಗಿನ ಪ್ರೊಪೆಲ್ಲರ್‌ನ ವ್ಯಾಸ, ಪಿಚ್ (ಒಂದು ಸುತ್ತಿಗೆ ಅದು ಮುಂದೆ ಸಾಗಬೇಕಾದ ದೂರ), ಪೂರ್ಣ ಥ್ರಾಟಲ್‌ನಲ್ಲಿ ಎಂಜಿನ್ ಮುಟ್ಟುವ ಆರ್‌ಪಿಎಂ ಇಷ್ಟನ್ನೂ ಬರೆದು ಕಳುಹಿಸು. ಯಾವ ಪಿಚ್ ಹೊಂದುತ್ತದೆಂದು ಕೂತು ಲೆಕ್ಕ ಹಾಕೋಣ.

ಪ್ರೀತಿಯಿಂದ,
ನಿನ್ನ ಗೆಳೆಯ