ಒಂದು ವೋಟು, ಐದು ನಿಮಿಷ

ಪೆರ್ಲ, ಜೂನ್ 2024

ಮಗಳೇ,

ನೀನು ಹೊರಟ ಮೇಲೆ ನೋಡಿದರೆ ಹಲಸಿನ ಹಪ್ಪಳದ ಕಟ್ಟು ಜಗಲಿಯಲ್ಲೇ ಇತ್ತು. ಮರೆತದ್ದಲ್ಲ, ಬೇಕಂತಲೇ ಬಿಟ್ಟದ್ದು ಅಂತ ಅಮ್ಮ ಹೇಳುತ್ತಾಳೆ. "ಬೆಂಗಳೂರಲ್ಲಿ ಕೂತು ಮಾತಾಡೋದು ಸುಲಭ" ಅಂತ ನಾನು ಅನ್ನಬಾರದಿತ್ತು. ಅದೂ ನೆಂಟರ ಎದುರು. ಆದರೆ ನೀನೂ ದೆಹಲಿಯ ಈ ಮೈತ್ರಿ ಸರ್ಕಾರಕ್ಕೆ "ಕಿಚಡಿ ಸರ್ಕಾರ" ಅಂತ ನಕ್ಕೆಯಲ್ಲ, ಅದು ಚುಚ್ಚಿತು.

ಬಿಜೆಪಿಗೆ ಈ ಸಲ 240, ಬೇಕಾದದ್ದು 272. ಮಿತ್ರರು ತುಂಬಿಕೊಟ್ಟರು. ಹೊಸದೇನಿದೆ? 1989ರಿಂದ 2009ರವರೆಗೆ ಏಳು ಚುನಾವಣೆ ಆಯ್ತು, ಒಂದರಲ್ಲೂ ಯಾವ ಪಕ್ಷಕ್ಕೂ ಸ್ವಂತ ಬಹುಮತ ಬರಲಿಲ್ಲ. ನಮ್ಮ ಕೇರಳದಲ್ಲಿ ಎಡರಂಗ, ಐಕ್ಯರಂಗ ಅಂತ ಮೈತ್ರಿಕೂಟಗಳನ್ನು ನೋಡುತ್ತಲೇ ಬೆಳೆದವಳು ನೀನು. ಇಂಥ ಸರ್ಕಾರಗಳು ಬೀಳುತ್ತವೆ ಅಂದೆ ನೀನು. ಹೌದು, 1996ರಲ್ಲಿ ವಾಜಪೇಯಿ 13 ದಿನ. ಆಮೇಲೆ ದೇವೇಗೌಡರು, ವರ್ಷ ತುಂಬಲಿಲ್ಲ. ಗುಜ್ರಾಲರದ್ದೂ ಅದೇ ಕತೆ. ಆದರೆ 2005ರಲ್ಲಿ ಮಾಹಿತಿ ಹಕ್ಕು ತಂದದ್ದೂ ಇಂಥದ್ದೇ ಸರ್ಕಾರ ಅಲ್ವಾ? ನೋಡು, ಮತ್ತೆ ಪಾಠ ಶುರು ಮಾಡಿದೆ.

ನಾನು ಬರೆಯಲು ಕೂತದ್ದು 1999ರ ಏಪ್ರಿಲ್ 17ರ ಬಗ್ಗೆ. ಶನಿವಾರ. ನಮ್ಮಲ್ಲಿ ಟಿವಿ ಇರಲಿಲ್ಲ, ಪಕ್ಕದ ಮನೆಯಲ್ಲಿ ಕೂತಿದ್ದೆ. ಜಯಲಲಿತಾ ಬೆಂಬಲ ವಾಪಸ್ ತೆಗೆದಿದ್ದರು, ವಾಜಪೇಯಿ ವಿಶ್ವಾಸಮತ. ಭಾವನ ಮಗ ಏದುಸಿರು ಬಿಡುತ್ತಾ ಬಂದ. "ಮಾವ, ಅವಳು ಗೇರುಮರದಿಂದ ಬಿದ್ದಳು." ನಾನು ಏನಂದೆ ಗೊತ್ತಾ? "ಐದು ನಿಮಿಷ. ಎಣಿಕೆ ಆಗ್ತಾ ಇದೆ."

ಪರ 269, ವಿರೋಧ 270.

ಅಷ್ಟರಲ್ಲಿ ಅಮ್ಮ ನಿನ್ನನ್ನು ಎತ್ತಿಕೊಂಡು ರಸ್ತೆಗೆ ಬಂದಾಗಿತ್ತು. ಜೀಪು ಹೊರಡುವಾಗ ಓಡಿ ಹತ್ತಿದೆ. ನಿನ್ನ ಲಂಗದ ತುದಿಯಲ್ಲಿ ಎರಡು ಗೇರುಹಣ್ಣು ಗಂಟು ಕಟ್ಟಿಕೊಂಡೇ ಇತ್ತು, ರಸ ಸೋರಿ ಕಲೆಯಾಗಿತ್ತು. ಪುತ್ತೂರು ಮುಟ್ಟುವವರೆಗೂ ನೀನು ಅಳಲಿಲ್ಲ. "ಯಾರು ಗೆದ್ದದ್ದು ಅಪ್ಪಾ?" ಅಂತ ಕೇಳಿದೆ. ಏಳು ವರ್ಷದವಳು! ನಾನೂ ಮಂಕನ ಹಾಗೆ "ಒಂದು ವೋಟಲ್ಲಿ ಹೋಯ್ತು" ಅಂದೆ.

ಆ ಐದು ನಿಮಿಷ ಐದೇ ಆಗಿತ್ತಾ, ಇಪ್ಪತ್ತಾ? ಎಷ್ಟು ಸಲ ಲೆಕ್ಕ ಹಾಕಿದ್ದೇನೋ. ಮೂಳೆ ಸೊಟ್ಟಗೆ ಕೂಡಿದ್ದು ತಡವಾದದ್ದಕ್ಕಲ್ಲ ಅಂತ ಡಾಕ್ಟರು ಅಂದಿದ್ದರು. ನನಗೆ ಇವತ್ತಿಗೂ ನಂಬಿಕೆ ಬಂದಿಲ್ಲ. ನಾನು ಆ ಮಾತು ಹೇಳಿದ್ದು ಅಮ್ಮನಿಗೆ ಗೊತ್ತಿಲ್ಲ. ಹುಡುಗ ಬಾಯಿ ಬಿಡಲಿಲ್ಲ.

ಮೊನ್ನೆ ನೀನು ಯಾವ ಪಕ್ಷಕ್ಕೆ ಎಷ್ಟು ಸೀಟು ಅಂತ ಕಾಗದ ನೋಡದೆ ಒದರಿದಾಗ ಸಿಟ್ಟಿನ ನಡುವೆಯೂ ಹೆಮ್ಮೆ ಆಯ್ತು. ಆ ಹುಚ್ಚು ನನ್ನದೇ. ಆದರೆ ಏಪ್ರಿಲ್ 26ಕ್ಕೆ ವೋಟು ಹಾಕಲು ನೀನು ಬರಲಿಲ್ಲ, ರಜೆ ಇಲ್ಲ ಅಂದೆ. ನಮ್ಮ ಮಂಜೇಶ್ವರದಲ್ಲಿ 2016ರ ವಿಧಾನಸಭೆ ಚುನಾವಣೆಯಲ್ಲಿ ಗೆದ್ದವರಿಗೂ ಸೋತವರಿಗೂ ನಡುವೆ ಇದ್ದದ್ದು 89 ವೋಟು. ಬರಬೇಕಿತ್ತು. ಇನ್ನು ಹೇಳುವುದಿಲ್ಲ.

ಇಲ್ಲಿ ಮಳೆ ಹಿಡಿದಿದೆ. ಮಳೆಗೆ ಆ ಕೈ ಈಗಲೂ ನೋಯುತ್ತದಾ? ನನಗೆ ಹೇಳದಿದ್ದರೂ ಅಮ್ಮನಿಗಾದರೂ ಹೇಳು. ಹಪ್ಪಳ ನಾಳೆ ಬಸ್ಸಿಗೆ ಕೊಡುತ್ತೇನೆ.

ಅಪ್ಪ