ಆರು ಮೀಟರಿನ ಹಗ್ಗ: ಟೀಚರ್ ಆದ ಮಗಳಿಗೊಂದು ಪತ್ರ

ಶಿವಮೊಗ್ಗ

ಚಿ. ಸುಮಾಳಿಗೆ ಅಮ್ಮನ ಆಶೀರ್ವಾದಗಳು.

ಬೋರ್ಡು ಕಾಣಲ್ಲ ಅಂತ ಮುಂದಿನ ಬೆಂಚಿಗೆ ಬರುವ ಮಕ್ಕಳು ಜಾಸ್ತಿಯಾಗಿದ್ದಾರೆ, ಎಲ್ಲ ಮೊಬೈಲಿನ ಕಾಟ ಎಂದು ಬರೆದಿದ್ದೀಯ. ಮೊಬೈಲನ್ನು ಬೈಯೋಣ, ಆದರೆ ಅದೊಂದನ್ನೇ ಬೈದರೆ ಬೆಳಕಿನ ವಿಷಯ ಮರೆತುಹೋಗುತ್ತದೆ.

ಕೋವಿಡ್‌ಗೆಂದು 2020ರ ಮಾರ್ಚ್‌ನಲ್ಲಿ ಬಾಗಿಲು ಹಾಕಿದ ನಮ್ಮ ಒಂದರಿಂದ ಐದನೇ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಚೀನಾದ ಶಾಂಡಾಂಗ್ ಪ್ರಾಂತ್ಯದ ಫೇಚೆಂಗ್‌ನಲ್ಲಿ ಮಕ್ಕಳು ಮನೆಯೊಳಗಿದ್ದದ್ದು ಬರೀ ಐದು ತಿಂಗಳು. 2020ರ ಜೂನ್‌ನಲ್ಲಿ ಪರೀಕ್ಷಿಸಿದಾಗ ಆರು ವರ್ಷದವರಲ್ಲಿ ನೂರಕ್ಕೆ 21.5 ಮಂದಿಗೆ ಸಮೀಪದೃಷ್ಟಿ, ಅಂದರೆ ದೂರದ್ದು ಮಸುಕು. ಹಿಂದಿನ ಐದು ವರ್ಷಗಳಲ್ಲಿ ಅದು 5.7 ದಾಟಿರಲಿಲ್ಲ. ಎಂಟು ವರ್ಷದವರಲ್ಲಿ 27.7 ಇದ್ದದ್ದು 37.2 ಆಯಿತು. ದೊಡ್ಡ ಮಕ್ಕಳಲ್ಲಿ ಏರಿಕೆ ಅಷ್ಟಿಲ್ಲ, ಆನ್‌ಲೈನ್ ಪಾಠದ ಹೊತ್ತು ಅವರಿಗೇ ಜಾಸ್ತಿ ಇದ್ದರೂ. ಕಣ್ಣಿನ ಬಿಗಿ ಸಡಿಲಿಸುವ ಹನಿ ಹಾಕದೆ ಮಾಡಿದ ಪರೀಕ್ಷೆ ಅದು, ಹಾಗಾಗಿ ಸಂಖ್ಯೆಗಳು ಸ್ವಲ್ಪ ಉಬ್ಬಿರಬಹುದು. ಆದರೂ ಚಿಕ್ಕವರೇ ಹೆಚ್ಚು ಪೆಟ್ಟು ತಿಂದರು ಎಂಬುದನ್ನು ಮರೆಯಬೇಡ. ಆಗ ಒಂದನೇ ತರಗತಿಯಲ್ಲಿದ್ದವರು ಈಗ ಹೈಸ್ಕೂಲಿನ ಹೊಸ್ತಿಲಲ್ಲಿದ್ದಾರೆ.

ಒಂದನೇ ತರಗತಿಯ ಮಗುವಿನ ಕಣ್ಣಿನಲ್ಲಿ +0.75ಕ್ಕಿಂತ ಹೆಚ್ಚು ಪ್ಲಸ್ (ಸಮೀಪದೃಷ್ಟಿಯ ಮೈನಸ್‌ಗೆ ಎದುರಿನ ನಂಬರ್) ಇರಬೇಕು. ಅದು ಠೇವಣಿ ಇದ್ದ ಹಾಗೆ. ಕಣ್ಣು ಗುಡ್ಡೆ ಉದ್ದವಾದಷ್ಟೂ ಕರಗುತ್ತದೆ. ಒಂದು ಮಿಲಿಮೀಟರ್ ಹೆಚ್ಚುವರಿ ಉದ್ದಕ್ಕೆ ಎರಡೂವರೆಯಿಂದ ಮೂರು ನಂಬರ್ (ಡಾಕ್ಟರ ಮಾತಲ್ಲಿ ಡಯಾಪ್ಟರ್) ಮೈನಸ್ ಕಡೆಗೆ. ಉದ್ದವಾದದ್ದು ಮತ್ತೆ ಗಿಡ್ಡವಾಗುವುದಿಲ್ಲ. ಜೋರು ಬೆಳಕು ಬಿದ್ದಾಗ ಕಣ್ಣಿನ ಹಿಂಭಾಗದ ಅಕ್ಷಿಪಟಲದಲ್ಲಿ ಒಸರುವ ಡೋಪಮೈನ್ ಎಂಬ ರಾಸಾಯನಿಕ ಈ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ ಎಂಬುದು ಈಗ ಹೆಚ್ಚಿನವರು ಒಪ್ಪುವ ವಿವರಣೆ. ಟ್ಯೂಬ್‌ಲೈಟ್ ಇರುವ ಕೋಣೆಯಲ್ಲಿ ಬೆಳಕಿನ ಅಳತೆ ಸುಮಾರು 300 ಲಕ್ಸ್. ಹೊರಗೆ ಮೋಡ ಕವಿದಿದ್ದರೂ ಸಾವಿರಾರು.

ನಮ್ಮ ಕಡೆಯ ತಾಪತ್ರಯ ಇಲ್ಲೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಕ್ಕಳು ಒಳಗೆ, ಸೂರು ತಗ್ಗಿದ ಹೆಂಚಿನ ಮನೆಯ ನಡುಮನೆಯಲ್ಲಿ ಮಧ್ಯಾಹ್ನಕ್ಕೂ ದೀಪ ಬೇಕು. (ಲಾಕ್‌ಡೌನಿನಲ್ಲಿ ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿದ ಮಕ್ಕಳಿಗೆ ಬೆಳಕಾದರೂ ದಕ್ಕಿತು ಅನ್ನು!) ಮಳೆ ಹೊಳವಾದ ಕೂಡಲೇ ತರಗತಿಯನ್ನು ಅಂಗಳಕ್ಕೆ ಇಳಿಸು, ಮಗ್ಗಿಯಾದರೂ ಅಲ್ಲೇ ಹೇಳಿಸು. ಚೀನಾದ ಗುವಾಂಗ್‌ಝೌನಲ್ಲಿ ದಿನಕ್ಕೆ 40 ನಿಮಿಷದ ಒಂದು ಹೊರಾಂಗಣ ಪೀರಿಯಡ್ ಸೇರಿಸಿದ್ದಕ್ಕೆ ಮೂರು ವರ್ಷದಲ್ಲಿ ಹೊಸದಾಗಿ ಸೈಟ್ ಬಂದವರು ನೂರಕ್ಕೆ 39.5ರ ಬದಲು 30.4. ತೈವಾನ್ ಶಾಲೆಗಳ ಗುರಿ ದಿನಕ್ಕೆ 120 ನಿಮಿಷ. ಮನೆಯವರಿಗೆ ಹೇಳುವುದಾದರೆ, ಪಾಠದ ವಿಡಿಯೋ ಟಿವಿಯಲ್ಲಿ ಹಾಕಿ ಅನ್ನು. 20 ಸೆಂ.ಮೀ. ದೂರದ ಮೊಬೈಲಿಗೆ ಕಣ್ಣು 5 ಡಯಾಪ್ಟರ್ ದುಡಿಯಬೇಕು, ಎರಡೂವರೆ ಮೀಟರ್ ದೂರದ ಟಿವಿಗೆ 0.4 ಸಾಕು.

ಇನ್ನು ಕಣ್ಣಿನ ಪರೀಕ್ಷೆ. ನಾಲ್ಕು ದಿಕ್ಕಿಗೆ ತಿರುಗಿದ E ಅಕ್ಷರದ ಚಾರ್ಟ್ ಸಾಕು, ಯಾವ ಕಡೆ ತಿರುಗಿದೆ ಎಂದು ಮಗು ಹೇಳಬೇಕು. ಫೋಟೋಕಾಪಿ ಅಂಗಡಿಯಲ್ಲಿ ಅಳತೆ ಕುಗ್ಗಿರುತ್ತದೆ, ಸ್ಕೇಲಿಟ್ಟು ನೋಡು: 6/9 ಸಾಲಿನ (ಸರಿಯಾದ ಕಣ್ಣು ಒಂಬತ್ತು ಮೀಟರಿನಿಂದಲೂ ಓದುವ ಸಾಲು, ನೀನು ಓದಿಸುವುದು ಅದನ್ನೇ) E 13 ಮಿ.ಮೀ. ಎತ್ತರ ಇರಬೇಕು. ಮಗು ಚಾರ್ಟಿನಿಂದ ಎಷ್ಟು ದೂರ ನಿಲ್ಲಬೇಕೆಂದು ಅಳೆಯಲು ಆರು ಮೀಟರಿನ ಹಗ್ಗ ಕತ್ತರಿಸಿಟ್ಟುಕೊ; ಹೊಸ ನೈಲಾನ್ ಹಿಗ್ಗುತ್ತದೆ, ಸೆಣಬಿನದು ತಗೋ. ಚಾರ್ಟನ್ನು ಕಿಟಕಿಯ ಪಕ್ಕದ ಗೋಡೆಗೆ ತೂಗುಹಾಕಬೇಡ, ಕಿಟಕಿಯ ಬೆಳಕು ಕಣ್ಣಿಗೆ ಹೊಡೆದು ಅಕ್ಷರ ಮಂಕಾಗುತ್ತದೆ. ಕಿಟಕಿ ಮಗುವಿನ ಬೆನ್ನಿಗಿರಲಿ.

ಒಂದೊಂದೇ ಕಣ್ಣು ನೋಡು. ಎರಡೂ ತೆರೆದಿದ್ದರೆ ಒಳ್ಳೆಯ ಕಣ್ಣು ಕೆಟ್ಟದ್ದರ ಗುಟ್ಟು ಮುಚ್ಚುತ್ತದೆ. ಬೆರಳಲ್ಲಿ ಮುಚ್ಚಿದರೆ ಸಂದಿಯಲ್ಲಿ ಇಣುಕುತ್ತಾರೆ, ಅಂಗೈ ಒತ್ತಿದರೆ ಆ ಕಣ್ಣಿನ ಸರದಿ ಬಂದಾಗ ಮಸುಕು. ಹಳೇ ನೋಟ್‌ಬುಕ್ಕಿನ ರಟ್ಟು ಹಿಡಿಸು. ಐದರಲ್ಲಿ ನಾಲ್ಕು ಸರಿ ಹೇಳಿದರೆ ಪಾಸು. ನಾಲ್ಕೇ ದಿಕ್ಕು ಇರುವುದರಿಂದ ಒಂದೆರಡು ಊಹೆಗೇ ಹೊಂದುತ್ತವೆ. ಕಣ್ಣು ಕಿರಿದು ಮಾಡಿ ಓದಿದ್ದು ಲೆಕ್ಕಕ್ಕಿಲ್ಲ. ಸಾಲಿನಲ್ಲಿ ಕಾಯುವವರು ಬಾಯಿಪಾಠ ಮಾಡುತ್ತಾರೆ, ಚಾರ್ಟ್ ತಲೆಕೆಳಗೆ ಮಾಡುತ್ತಿರು. ತಪ್ಪಿದವರಿಗೆ ರಟ್ಟಿನಲ್ಲಿ ಒಂದೂಕಾಲು ಮಿ.ಮೀ. ತೂತು ಮಾಡಿ ಅದರಲ್ಲಿ ನೋಡಿಸು. ಸ್ಪಷ್ಟವಾದರೆ ಹೆಚ್ಚಾಗಿ ಕನ್ನಡಕದ ವಿಷಯ. ಆಗದಿದ್ದರೆ ಕಾರಣ ಬೇರೆ ಇರಬಹುದು, ಕಣ್ಣಿನ ಡಾಕ್ಟರ ಹತ್ತಿರ ಬೇಗ ಕಳಿಸು.

ಕನ್ನಡಕದಂಗಡಿಯ ಕಂಪ್ಯೂಟರ್ ಚೀಟಿಯೊಂದನ್ನೇ ನಂಬಿ ಮಗುವಿಗೆ ಮೈನಸ್ ಕೊಡಿಸಬಾರದು. ಯಂತ್ರದೊಳಗೆ ನೋಡುವಾಗ ಮಗುವಿನ ಕಣ್ಣು ಹತ್ತಿರಕ್ಕೆ ಬಿಗಿಹಿಡಿದು ಸುಳ್ಳು ಮೈನಸ್ ತೋರಿಸುತ್ತದೆ. ಡಾಕ್ಟರು ಆ ಬಿಗಿ ಸಡಿಲಿಸುವ ಸೈಕ್ಲೋಪೆಂಟೋಲೇಟ್ ಹನಿ ಹಾಕಿ, ಅರ್ಧ ಮುಕ್ಕಾಲು ಗಂಟೆ ಬಿಟ್ಟು ನೋಡಿದ ನಂಬರೇ ನಿಜ. ಆ ದಿನವೆಲ್ಲ ಪುಸ್ತಕ ಮಸುಕು, ಬಿಸಿಲು ಚುಚ್ಚುತ್ತದೆ. ಮರುದಿನ ಕಿರುಪರೀಕ್ಷೆ ಇಡಬೇಡ.

ಕನ್ನಡಕ ಹಾಕಿದರೆ ನಂಬರ್ ಏರುತ್ತದೆ, ಸ್ವಲ್ಪ ಕಮ್ಮಿಯದೇ ಕೊಡಿ ಅನ್ನುವ ತಂದೆತಾಯಿ ಬಂದೇ ಬರುತ್ತಾರೆ. 2002ರಲ್ಲಿ ಪ್ರಕಟವಾದ ಮಲೇಷ್ಯಾದ ಅಧ್ಯಯನದಲ್ಲಿ ಕಮ್ಮಿ ಕೊಟ್ಟವರದ್ದೇ ಬೇಗ ಏರಿತ್ತು. ನೀಲಿ ಬೆಳಕು ತಡೆಯುತ್ತದೆ ಎಂದು ಮಾರುವ ಬ್ಲೂ ಕಟ್ ಗಾಜಿಗೆ ದುಡ್ಡು ಸುರಿಯುವುದೂ ಬೇಡ, ಸಮೀಪದೃಷ್ಟಿಯನ್ನು ಅದು ತಡೆಯುವುದಿಲ್ಲ. ಅದೇ ದುಡ್ಡಿಗೆ ಒಡೆಯದ ಪಾಲಿಕಾರ್ಬೊನೇಟ್ ಬರಲಿ. ವರ್ಷಕ್ಕೆ ಅರ್ಧ ನಂಬರಿಗಿಂತ ಹೆಚ್ಚು ಏರುತ್ತಿದ್ದರೆ, ಏರಿಕೆ ನಿಧಾನವಾಗಿಸುವ ಕಡಿಮೆ ಪ್ರಮಾಣದ ಅಟ್ರೋಪಿನ್ ಹನಿಯ ಬಗ್ಗೆ ಡಾಕ್ಟರನ್ನು ಕೇಳಲು ಹೇಳು. ಹಾಂಗ್‌ಕಾಂಗ್ ಪ್ರಯೋಗದಲ್ಲಿ 0.01%ಕ್ಕಿಂತ 0.05% ಚೆನ್ನಾಗಿ ಕೆಲಸ ಮಾಡಿತು. ಪ್ರಮಾಣ ಅವರೇ ಗೊತ್ತುಮಾಡಲಿ.

ಚಾರ್ಟನ್ನು ನಾಳೆ ಬೆಳಗಿನ ಬಸ್ಸಿಗೆ ಕೊಟ್ಟು ಕಳಿಸುತ್ತೇನೆ. ಲ್ಯಾಮಿನೇಟ್ ಮಾಡಿಸಬೇಡ, ಹೊಳಪಿನಲ್ಲಿ ಅಕ್ಷರ ಮುಳುಗುತ್ತದೆ. ಥಂಡಿಗೆ ಬೂಷ್ಟು ಹಿಡಿಯದ ಹಾಗೆ ಕೆಲಸ ಮುಗಿದ ಮೇಲೆ ಸುರುಳಿ ಸುತ್ತಿ ಪ್ಲಾಸ್ಟಿಕ್ ಕವರಿನಲ್ಲಿಡು.

ನಿನ್ನ ಅಮ್ಮ